ಮಂಗಳದ ನೆಲವೋ, ತಿರುಗುವ ಕೊಳವೆಯೋ?

ಪ್ರಶ್ನೆ: ಮನುಷ್ಯರು ಭೂಮಿಯಾಚೆ ನೆಲೆಸುವುದೇ ಆದರೆ ಮಂಗಳದಂಥ ಗ್ರಹದ ಮೇಲೆ ನೆಲೆಸಬೇಕೋ, ಬಾಹ್ಯಾಕಾಶದಲ್ಲೇ ತಿರುಗುವ ವಸಾಹತು ಕಟ್ಟಿಕೊಳ್ಳಬೇಕೋ? ಮಂಗಳದಲ್ಲಿ ಕಾಲಿಡಲು ನೆಲವಾದರೂ ಇದೆ. ಕಲ್ಲು, ಮಣ್ಣು, ಮಂಜುಗಡ್ಡೆ ಇವೆ. ಏನೂ ಇಲ್ಲದ ಕಡೆ ಹೋಗಿ ಮನೆ ಕಟ್ಟುವುದು ಹುಚ್ಚಾಟವಲ್ಲವೇ?

ಉತ್ತರ: ನೆಲ ಇದೆ ಎನ್ನುವುದು ಮಂಗಳದ ಪರವಾಗಿ ಎಲ್ಲರಿಗೂ ಮೊದಲು ಹೊಳೆಯುವ ವಾದ. ಆದರೆ ಭೂಮಿಯ ನೆಲ ನಮಗೆ ಕೊಡುತ್ತಿರುವುದು ಕಾಲೂರುವ ಜಾಗವನ್ನಷ್ಟೇ ಅಲ್ಲ. ಮೂಳೆ ಸ್ನಾಯುಗಳನ್ನು ಗಟ್ಟಿಯಾಗಿಡುವ ತೂಕ, ತಲೆಯ ಮೇಲೆ ಚದರ ಮೀಟರಿಗೆ 10 ಟನ್ ಗಾಳಿಯ ಹೊದಿಕೆ, ಉಸಿರಾಡಲು ತಕ್ಕ ಒತ್ತಡ, ತಾನಾಗಿ ಶುದ್ಧವಾಗಿ ಮರಳುವ ನೀರು ಇವೆಲ್ಲ ಅದರ ಜೊತೆಗೇ ಬರುತ್ತವೆ. ಮಂಗಳದಲ್ಲಿ ತೂಕ ಭೂಮಿಯ ಶೇ 38ರಷ್ಟು. ಗಾಳಿಯ ಒತ್ತಡ ಭೂಮಿಯದರ ನೂರರಲ್ಲಿ ಒಂದು ಪಾಲೂ ಇಲ್ಲ, ಸುಮಾರು 0.6 ಕಿಲೋಪಾಸ್ಕಲ್ (ಭೂಮಿಯ ಸಮುದ್ರಮಟ್ಟದಲ್ಲಿ 101), ಅದರಲ್ಲೂ ಶೇ 95 ಇಂಗಾಲದ ಡೈಆಕ್ಸೈಡ್. ಉಳಿದದ್ದನ್ನೆಲ್ಲ ನಾವೇ ಮಾಡಿಕೊಳ್ಳಬೇಕು. ಹಾಗಾಗಿ ಶೂನ್ಯದಲ್ಲಿ 'ಎಲ್ಲವನ್ನೂ' ಕಟ್ಟಬೇಕು, ಮಂಗಳದಲ್ಲಿ 'ಸ್ವಲ್ಪ' ಕಟ್ಟಿದರೆ ಸಾಕು ಎನ್ನುವ ಹೋಲಿಕೆ ಸರಿಯಲ್ಲ. ಎರಡೂ ಕಡೆ ಗಾಳಿ ತುಂಬಿದ ಪಾತ್ರೆಯೊಳಗೇ ಬದುಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಂದ್ರ, ಮಂಗಳಗಳಲ್ಲಿ ಸಂಶೋಧನಾ ಠಾಣೆ ಇರಲಿ, ಗಣಿ ಇರಲಿ. ಮಕ್ಕಳು ಹುಟ್ಟಿ ಬೆಳೆಯುವ ಊರು ಮಾತ್ರ ತಿರುಗುವ ವಸಾಹತಿನಲ್ಲಿರಬೇಕು. ವಿಕಿರಣ, ಚಳಿ, ಗಾಳಿ, ನೀರು ಇವುಗಳ ಕೊರತೆಯನ್ನು ಎಂಜಿನಿಯರು ತುಂಬಬಲ್ಲ. ಗ್ರಹದ ಗುರುತ್ವವನ್ನು ಯಾರೂ ಹೆಚ್ಚಿಸಲಾರರು; ವಸಾಹತಿನಲ್ಲಾದರೆ ತಿರುಗುವ ವೇಗದಿಂದಲೇ ಬೇಕಾದಷ್ಟು ತೂಕ ಪಡೆಯಬಹುದು.

ಈ ಪ್ರಶ್ನೆಗೆ ಅರ್ಧ ಶತಮಾನದ ವಯಸ್ಸಾಗಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ಡ್ ಓನೀಲ್ 1969ರಲ್ಲಿ ತಮ್ಮ ವಿದ್ಯಾರ್ಥಿಗಳ ಮುಂದೆ ಇದನ್ನೇ ಇಟ್ಟರು: ಬೆಳೆಯುತ್ತಿರುವ ತಾಂತ್ರಿಕ ನಾಗರಿಕತೆಗೆ ಗ್ರಹದ ಮೇಲ್ಮೈಯೇ ತಕ್ಕ ಜಾಗವೇ? ಲೆಕ್ಕ ಹಾಕಿದಷ್ಟೂ ಉತ್ತರ 'ಅಲ್ಲ' ಎಂದೇ ಬರತೊಡಗಿತು. 1975ರಲ್ಲಿ ನಾಸಾದ ಏಮ್ಸ್ ಕೇಂದ್ರ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿ ನಡೆಸಿದ ಬೇಸಿಗೆ ಅಧ್ಯಯನದಲ್ಲಿ 10,000 ಜನರಿಗಾಗಿ 1.8 ಕಿ.ಮೀ. ವ್ಯಾಸದ ಬಳೆಯಾಕಾರದ ವಸಾಹತಿನ ವಿನ್ಯಾಸ ಸಿದ್ಧವಾಯಿತು. ಅದರ ಒಟ್ಟು ದ್ರವ್ಯರಾಶಿ ಸುಮಾರು 1 ಕೋಟಿ ಟನ್. ಇದರಲ್ಲಿ ಬಹುಪಾಲು ವಿಕಿರಣ ತಡೆಯುವ ಬರೀ ಮಣ್ಣು ಎನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು ತೂಕದ ವಿಷಯ. ತೂಕವಿಲ್ಲದ ಸ್ಥಿತಿ ದೇಹಕ್ಕೆ ಏನು ಮಾಡುತ್ತದೆ ಎನ್ನುವುದು ಚೆನ್ನಾಗಿ ಗೊತ್ತಿದೆ. ಸೊಂಟದ ಮೂಳೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆಯುತ್ತದೆ. ದ್ರವಗಳು ತಲೆಯ ಕಡೆ ಸರಿದು ಕಣ್ಣಿನ ನರ ಊದಿಕೊಳ್ಳುತ್ತದೆ, ಕೆಲವರ ದೃಷ್ಟಿ ಬದಲಾಗುತ್ತದೆ. ದಿನಕ್ಕೆ ಎರಡು ಗಂಟೆಗೂ ಹೆಚ್ಚು ವ್ಯಾಯಾಮ ಮಾಡಿ ಗಗನಯಾತ್ರಿಗಳು ಇದನ್ನು ತಕ್ಕಮಟ್ಟಿಗೆ ತಡೆಯುತ್ತಾರೆ. ರಷ್ಯಾದ ಗಗನಯಾತ್ರಿ ವಲೇರಿ ಪೊಲ್ಯಾಕೊವ್ 1994–95ರಲ್ಲಿ ಒಂದೇ ಸಲಕ್ಕೆ 437 ದಿನ ಇದ್ದು ಬಂದರು. ಆದರೆ ಇವೆಲ್ಲ ಸೊನ್ನೆ ತೂಕದ ಮಾಹಿತಿ. ಸೊನ್ನೆಗೂ ಒಂದಕ್ಕೂ ನಡುವಿನ ತೂಕದಲ್ಲಿ ಮನುಷ್ಯರು ಅತಿ ಹೆಚ್ಚು ಕಾಲ ಇದ್ದದ್ದು ಚಂದ್ರನ ಮೇಲೆ, 1972ರ ಅಪೋಲೊ 17ರಲ್ಲಿ, ಸುಮಾರು 75 ಗಂಟೆ. ಅಷ್ಟೇ. ಮಂಗಳದ ತೂಕದಲ್ಲಿ ಯಾವ ಮನುಷ್ಯನೂ ಒಂದು ವಾರವಾದರೂ ಕಳೆದಿಲ್ಲ.

ಗರ್ಭ, ಹೆರಿಗೆ, ಬೆಳವಣಿಗೆಯ ವಿಷಯ ಇನ್ನೂ ಹಿಂದಿದೆ. 1979ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮಾಸ್ 1129 ಉಪಗ್ರಹದಲ್ಲಿ ಇಲಿಗಳನ್ನು ಕೂಡಲು ಬಿಟ್ಟರು, ಒಂದು ಮರಿಯೂ ಹುಟ್ಟಲಿಲ್ಲ. 1983ರಲ್ಲಿ ಕಾಸ್ಮಾಸ್ 1514ರಲ್ಲಿ ಗರ್ಭ ಧರಿಸಿದ ಇಲಿಗಳು ಐದು ದಿನ ಹಾರಿ, ಮರಳಿದ ಮೇಲೆ ಈದವು. ಗರ್ಭಧಾರಣೆಯಿಂದ ಪ್ರಾಯದವರೆಗೆ ಒಂದು ಸಸ್ತನಿಯ ಬದುಕನ್ನು ಭೂಮಿಯಾಚೆ ಪೂರ್ತಿಯಾಗಿ ನೋಡಿದವರು ಯಾರೂ ಇಲ್ಲ. ಜಪಾನಿನ ವಿಜ್ಞಾನಿಗಳು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಚಿಕ್ಕ ಸುತ್ತುಯಂತ್ರದಲ್ಲಿ ಇಲಿಗಳಿಗೆ ಚಂದ್ರನ ಮೇಲಿರುವಷ್ಟು ತೂಕ ಕೊಟ್ಟು ನೋಡಿದಾಗ, ಸ್ನಾಯು ಕರಗುವುದು ನಿಂತಿತು, ಆದರೆ ಸ್ನಾಯು ಎಳೆಗಳ ಬಗೆ ಬದಲಾಗುವುದು ನಿಲ್ಲಲಿಲ್ಲ. ಅಂದರೆ ದೇಹದ ಬೇರೆ ಬೇರೆ ವ್ಯವಸ್ಥೆಗಳಿಗೆ ಬೇಕಾದ ಕನಿಷ್ಠ ತೂಕ ಬೇರೆ ಬೇರೆ ಇರುವ ಸಾಧ್ಯತೆ ಇದೆ. ಇದು ಸಣ್ಣ ಮಾತಲ್ಲ. ಮಂಗಳದ ಶೇ 38 ಸ್ನಾಯುವಿಗೆ ಸಾಕಾಗಿ, ಬೆಳೆಯುವ ಮಗುವಿನ ಬೆನ್ನುಮೂಳೆಗೆ ಸಾಲದೆ ಹೋದರೆ ಆ ಊರಿಗೆ ಮುಂದಿನ ತಲೆಮಾರೇ ಇಲ್ಲ.

ಇನ್ನು ವಿಕಿರಣ. ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವ ದಾರಿಯಲ್ಲಿ ಅಳೆದದ್ದು ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ), ಮಂಗಳದ ಮೇಲ್ಮೈಯಲ್ಲಿ ಸುಮಾರು 0.65. ಹೋಗಲು 180 ದಿನ, ಅಲ್ಲಿ 500 ದಿನ, ಬರಲು 180 ದಿನ ಎಂದುಕೊಂಡರೆ ಒಟ್ಟು 970 ಮಿಲಿಸೀವರ್ಟ್ ದಾಟುತ್ತದೆ. ಗಗನಯಾತ್ರಿಯೊಬ್ಬರ ಇಡೀ ವೃತ್ತಿಜೀವನಕ್ಕೆ ನಾಸಾ ಇಟ್ಟಿರುವ ಮಿತಿ 600. ಮೇಲ್ಮೈಯಲ್ಲೇ ಬದುಕು ಕಳೆಯುವವರಿಗೆ ವರ್ಷಕ್ಕೆ 240ರ ಆಸುಪಾಸು. ಆದ್ದರಿಂದ ಮಂಗಳದ ಮನೆಗಳು ನೆಲದಡಿಗೆ ಹೋಗಲೇಬೇಕು. ಎರಡು ಮೂರು ಮೀಟರ್ ಮಣ್ಣು ಹೊದಿಸಿದರೆ ವಿಕಿರಣಕ್ಕೆ ಸಾಕು. ಒಳಗಿನ ಗಾಳಿಯ ಒತ್ತಡಕ್ಕೆ ಅಷ್ಟು ಸಾಲದು. ಭೂಮಿಯದರ ಅರ್ಧಕ್ಕಿಂತ ತುಸು ಹೆಚ್ಚು ಒತ್ತಡ ಸಾಕು ಎಂದುಕೊಂಡರೂ (ಏಕೆ ಸಾಕು ಎನ್ನುವುದು ಮುಂದೆ ಬರುತ್ತದೆ), ಆ 56 ಕಿಲೋಪಾಸ್ಕಲ್ ಗಾಳಿ ಚಾವಣಿಯ ಪ್ರತಿ ಚದರ ಮೀಟರನ್ನು ಭೂಮಿಯ 5.7 ಟನ್ ಭಾರದಷ್ಟು ಬಲದಿಂದ ಮೇಲಕ್ಕೆ ನೂಕುತ್ತದೆ. ಮಂಗಳದ ಹಗುರ ಗುರುತ್ವದಲ್ಲಿ ಬರೀ ಮಣ್ಣಿನ ಭಾರದಿಂದ ಅದನ್ನು ಸರಿದೂಗಿಸಲು ಸುಮಾರು 10 ಮೀಟರ್ ಮಣ್ಣು ಬೇಕು. ಚಂದ್ರನಲ್ಲಾದರೆ 23 ಮೀಟರ್. ಕಡಿಮೆ ಹಾಕಿದರೆ ಚಾವಣಿ ಕುಸಿಯುವುದಿಲ್ಲ, ಮೇಲಕ್ಕೆ ಕಿತ್ತು ಹೋಗುತ್ತದೆ. ಹಾಗಾಗದಂತೆ ಉಕ್ಕಿನ ಕವಚ ಬೇಕು, ಇಲ್ಲವೇ ಆಳವಾದ ಸುರಂಗ ಬೇಕು. ಮಂಗಳದಲ್ಲಿ ನೆಲ ಕಾಲಡಿಗಿಂತ ತಲೆಯ ಮೇಲೆ ಹೆಚ್ಚು ಬೇಕಾಗುತ್ತದೆ.

ಮಣ್ಣಿನಲ್ಲೇ ಬೆಳೆ ತೆಗೆಯಬಹುದು ಎನ್ನುವವರಿಗೆ ಒಂದು ಮಾತು. 2008ರಲ್ಲಿ ಫೀನಿಕ್ಸ್ ನೌಕೆ ಆ ಮಣ್ಣಿನಲ್ಲಿ ಶೇ ಅರ್ಧದಿಂದ ಒಂದರಷ್ಟು ಪರ್ಕ್ಲೋರೇಟ್ ಲವಣ ಕಂಡಿತು. ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರುವುದನ್ನು ಅದು ತಡೆಯುತ್ತದೆ. ನೀರಲ್ಲಿ ಸುಲಭವಾಗಿ ಕರಗುವುದರಿಂದ ಮಣ್ಣನ್ನು ತೊಳೆದು ತೆಗೆಯಬಹುದು. ಆದರೆ ತೊಳೆದ ನೀರನ್ನು ಮತ್ತೆ ಸೋಸಬೇಕು, ಉಳಿದ ಉಪ್ಪನ್ನು ಬೇರೆಡೆ ಇಡಬೇಕು, ಹೊರಗೆ ಹೋಗಿ ಬಂದವರ ಬಟ್ಟೆಯ ಧೂಳು ಒಳಗೆ ಬರದಂತೆ ನೋಡಬೇಕು. ಬಿಸಿಲು ಭೂಮಿಯದರ ಶೇ 43ರಷ್ಟು, ಅದೂ ಧೂಳು ಏಳದಿದ್ದರೆ. 2018ರ ಧೂಳಿನ ಬಿರುಗಾಳಿ ಆಪರ್ಚುನಿಟಿ ರೋವರನ್ನು ಮಲಗಿಸಿತು. ಫಲಕಗಳ ಮೇಲೆ ಕೂತ ಧೂಳಿನಿಂದಲೇ 2022ರ ಕೊನೆಗೆ ಇನ್‌ಸೈಟ್ ನೌಕೆ ಸುಮ್ಮನಾಯಿತು. ಪರಮಾಣು ವಿದ್ಯುತ್ ಇಲ್ಲದೆ ಮಂಗಳದಲ್ಲಿ ಊರು ಕಟ್ಟುವ ಯೋಜನೆ ಯಾರಾದರೂ ತೋರಿಸಿದರೆ ಅಲ್ಲಿಗೇ ಕಾಗದ ಮಡಚಿಡಿ. ಇಷ್ಟಾದ ಮೇಲೆ, ಹೋಗಲು ದಾರಿ ತೆರೆಯುವುದು 26 ತಿಂಗಳಿಗೊಮ್ಮೆ. ಮುರಿದ ಬಿಡಿಭಾಗ ಕೇಳಿದರೆ ಎರಡು ವರ್ಷಕ್ಕೆ ಬಂದೀತು.

ಮಂಗಳವನ್ನೇ ಭೂಮಿಯಂತೆ ಮಾಡಿಬಿಡೋಣ ಎನ್ನುವ ಮಾತೂ ಆಗಾಗ ಕೇಳುತ್ತದೆ. 2018ರಲ್ಲಿ ಗ್ರಹವಿಜ್ಞಾನಿಗಳಾದ ಬ್ರೂಸ್ ಜಾಕೋಸ್ಕಿ ಮತ್ತು ಕ್ರಿಸ್ಟೋಫರ್ ಎಡ್ವರ್ಡ್ಸ್ ಮಾಡಿದ ಲೆಕ್ಕದಲ್ಲಿ, ಅಲ್ಲಿ ಕೈಗೆಟುಕುವ ಇಂಗಾಲದ ಡೈಆಕ್ಸೈಡನ್ನೆಲ್ಲ ಬಿಡುಗಡೆ ಮಾಡಿದರೂ ಒತ್ತಡ ಸುಮಾರು 2 ಕಿಲೋಪಾಸ್ಕಲ್ ಮುಟ್ಟೀತು. ಆಗಲೂ ಒತ್ತಡದ ಉಡುಪು ಕಳಚುವಂತಿಲ್ಲ.

ಈಗ ಶೂನ್ಯದ ಕಡೆ ಬರೋಣ. ನೀರು ತುಂಬಿದ ಬಕೆಟ್ಟನ್ನು ಗಿರಗಿರ ತಿರುಗಿಸಿದರೆ ನೀರು ತಳಕ್ಕೆ ಅಂಟಿಕೊಳ್ಳುತ್ತದಲ್ಲ, ವಸಾಹತಿನ ತೂಕವೂ ಅದೇ. ಸೂತ್ರ ಬಾಯಲ್ಲೇ ಹೇಳುವಷ್ಟು ಸರಳ: ಭೂಮಿಯಷ್ಟೇ ತೂಕ ಬೇಕಾದರೆ ತ್ರಿಜ್ಯ ಮೀಟರಿನಲ್ಲಿ 895 ಭಾಗಿಸು ನಿಮಿಷದ ಸುತ್ತುಗಳ ವರ್ಗ. ನಿಮಿಷಕ್ಕೆ ಒಂದು ಸುತ್ತಾದರೆ 895 ಮೀಟರ್, ಎರಡಾದರೆ 224, ಮೂರಾದರೆ 99, ನಾಲ್ಕಾದರೆ 56. ಸ್ಟ್ಯಾನ್‌ಫರ್ಡ್ ಬಳೆಯ 1.8 ಕಿ.ಮೀ. ವ್ಯಾಸ ಎಲ್ಲಿಂದ ಬಂತು ಎನ್ನುವುದು ಈಗ ಗೊತ್ತಾಗಿರಬೇಕು.

ಚಿಕ್ಕದು ಅಗ್ಗ ಎಂದು ಜೋರಾಗಿ ತಿರುಗಿಸಿದರೆ ಏನಾಗುತ್ತದೆ? ತಲೆ ಹೊರಳಿಸಿದಾಗ ಒಳಕಿವಿಯ ದ್ರವಕ್ಕೆ ಗೊಂದಲವಾಗಿ ವಾಂತಿ ಬರುತ್ತದೆ. ಅಮೆರಿಕದ ನೌಕಾಪಡೆ ಪೆನ್ಸಕೋಲಾದಲ್ಲಿ ತಿರುಗುವ ಕೋಣೆ ಮಾಡಿ ಜನರನ್ನು ದಿನಗಟ್ಟಲೆ ಕೂಡಿಟ್ಟು ನೋಡಿದೆ. ನಿಮಿಷಕ್ಕೆ ಎರಡು ಸುತ್ತಿನವರೆಗೆ ಹೆಚ್ಚುಕಡಿಮೆ ಎಲ್ಲರಿಗೂ ತೊಂದರೆಯಿಲ್ಲ. ಮೂರು ನಾಲ್ಕಕ್ಕೆ ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುತ್ತಾರೆ. ಹತ್ತಕ್ಕೆ ಒಮ್ಮೆಲೇ ಏರಿಸಿದರೆ ಹಾಸಿಗೆ ಹಿಡಿಯುತ್ತಾರೆ. ಒಗ್ಗಿಕೊಂಡ ಮೇಲೂ ವಿಚಿತ್ರಗಳು ಉಳಿಯುತ್ತವೆ. ಎರಡು ಸುತ್ತಿನ ವಸಾಹತಿನಲ್ಲಿ ಎರಡು ಮೀಟರ್ ಎತ್ತರದಿಂದ ಬಿಟ್ಟ ಚೆಂಡು ನೇರ ಕೆಳಗೆ ಬೀಳದೆ ಸುಮಾರು 18 ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ. ತಿರುಗುವ ದಿಕ್ಕಿಗೆ ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಓಡಿದರೆ ದೇಹ ಐದರಲ್ಲಿ ಒಂದು ಪಾಲು ಭಾರವಾಗುತ್ತದೆ, ಎದುರು ದಿಕ್ಕಿಗೆ ಓಡಿದರೆ ಅಷ್ಟೇ ಹಗುರ. ಮೆಟ್ಟಿಲು, ಏಣಿ, ಹಾಸಿಗೆಯ ದಿಕ್ಕು ಎಲ್ಲವನ್ನೂ ತಿರುಗುವ ಅಕ್ಷ ನೋಡಿಯೇ ಇಡಬೇಕಾಗುತ್ತದೆ. ಹಾಸಿಗೆಯನ್ನು ಅಕ್ಷಕ್ಕೆ ಸಮಾನಾಂತರವಾಗಿ ಹಾಕಿದರೆ ಎದ್ದು ಕೂರುವಾಗ ತಲೆ ಅಡ್ಡಡ್ಡಲಾಗಿ ಹೊರಳಿ ತಲೆಸುತ್ತು ಬರುತ್ತದೆ. ತಿರುಗುವ ದಿಕ್ಕಿನ ಉದ್ದಕ್ಕೆ ಹಾಕಿದರೆ ತಲೆ ಅದೇ ಸುತ್ತಿನ ಸಮತಲದಲ್ಲಿ ಚಲಿಸುವುದರಿಂದ ತೊಂದರೆ ಬಹಳ ಕಡಿಮೆ.

ಆಕಾರದ ವಿಷಯದಲ್ಲಿ ಒಂದು ಹಳೆಯ ತಪ್ಪಿನಿಂದ ಕಲಿಯುವುದಿದೆ. 1958ರಲ್ಲಿ ಹಾರಿದ ಎಕ್ಸ್‌ಪ್ಲೋರರ್ 1 ಪೆನ್ಸಿಲಿನಂತೆ ಉದ್ದಕ್ಕಿತ್ತು. ಉದ್ದದ ಅಕ್ಷದ ಸುತ್ತ ತಿರುಗಲಿ ಎಂದು ಬಿಟ್ಟರೆ, ಬಳುಕುವ ಆಂಟೆನಾಗಳು ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ತಿಂದು, ಅದು ಪಲ್ಟಿ ಹೊಡೆಯುತ್ತ ತಿರುಗತೊಡಗಿತು. ಉದ್ದನೆಯ ಕೊಳವೆಯ ಸಹಜ ಗುಣವೇ ಅದು. ಒಳಗೆ ನೀರು ಹರಿದಾಡುವ, ಜನ ಓಡಾಡುವ ವಸಾಹತು ಹಾಗೆ ಪಲ್ಟಿ ಹೊಡೆದರೆ ಕಥೆ ಮುಗಿಯಿತು. ಓನೀಲ್ ಇದಕ್ಕೆ 32 ಕಿ.ಮೀ. ಉದ್ದದ ಎರಡು ಕೊಳವೆಗಳನ್ನು ಎದುರು ಬದುರು ತಿರುಗುವಂತೆ ಜೋಡಿಸಲು ಹೇಳಿದರು. ಅದಕ್ಕಿಂತ ಸರಳ ಉಪಾಯ ಕೊಳವೆಯನ್ನು ಮೋಟಾಗಿಸುವುದು. ಚಪ್ಪಟೆ ಮುಚ್ಚಳದ ಕೊಳವೆಯ ಉದ್ದ ತ್ರಿಜ್ಯದ 1.3 ಪಟ್ಟು ಮೀರದಿದ್ದರೆ ಅದು ತಾನಾಗಿಯೇ ಸ್ಥಿರ. ಬಾಹ್ಯಾಕಾಶ ವಸಾಹತುಗಳ ವಿನ್ಯಾಸಕಾರ ಆಲ್ ಗ್ಲೋಬಸ್ ಮತ್ತು ಸಂಗಡಿಗರು ಕಲ್ಪನಾ ಚಾವ್ಲಾ ನೆನಪಿಗೆ 'ಕಲ್ಪನಾ ಒನ್' ಎಂದು ಹೆಸರಿಟ್ಟ ವಿನ್ಯಾಸ ಇದೇ ಲೆಕ್ಕದ್ದು: ತ್ರಿಜ್ಯ 250 ಮೀಟರ್, ಉದ್ದ 325 ಮೀಟರ್, 3000 ಜನ.

ಈ ಅಳತೆಯನ್ನೇ ಇಟ್ಟುಕೊಂಡು ಕವಚದ ಲೆಕ್ಕ ಹಾಕೋಣ. ಜನರಿಗೆ ಅಚ್ಚರಿಯಾಗುವುದು ಇಲ್ಲಿ. ಗೋಡೆಯನ್ನು ಹರಿಯಲು ನೋಡುವುದು ಮನೆ, ಮಣ್ಣು, ಮರಗಳ ಭಾರವಲ್ಲ, ಗಾಳಿ. ನೆಲದ ಮೇಲೆ ಚದರ ಮೀಟರಿಗೆ ಸರಾಸರಿ ಒಂದು ಟನ್ ಮಣ್ಣು ಕಟ್ಟಡ ಇಟ್ಟರೆ ಅದರ ಒತ್ತಡ 10 ಕಿಲೋಪಾಸ್ಕಲ್. ಸಮುದ್ರಮಟ್ಟದ ಗಾಳಿ 101. ಉಕ್ಕಿನ ಮೇಲೆ 200 ಮೆಗಾಪಾಸ್ಕಲ್ ಎಳೆತ ಸುರಕ್ಷಿತ ಎಂದಿಟ್ಟುಕೊಂಡರೆ ಗೋಡೆ 15 ಸೆಂ.ಮೀ. ದಪ್ಪ ಇರಬೇಕು. ಗಾಳಿಯನ್ನು 56 ಕಿಲೋಪಾಸ್ಕಲ್‌ಗೆ ಇಳಿಸಿ ಆಮ್ಲಜನಕವನ್ನು ಶೇ 34ಕ್ಕೆ ಏರಿಸಿದರೆ ಉಸಿರಾಟಕ್ಕೆ ತೊಂದರೆಯಿಲ್ಲ, ಗೋಡೆ 9 ಸೆಂ.ಮೀ. ಸಾಕು. ನಾಸಾ ಮುಂದಿನ ಯಾನಗಳಿಗೆ ಯೋಚಿಸಿರುವ ಗಾಳಿ ಇದೇ. ಇನ್ನೂ ಇಳಿಸಬಹುದಲ್ಲ ಎಂದರೆ, ಆಮ್ಲಜನಕದ ಪಾಲು ಏರಿದಂತೆ ಬೆಂಕಿ ಹತ್ತುವುದೂ ಹರಡುವುದೂ ಸುಲಭವಾಗುತ್ತದೆ. 1967ರ ಅಪೋಲೊ 1 ದುರಂತ ನಡೆದದ್ದು ಅಪ್ಪಟ ಆಮ್ಲಜನಕದಲ್ಲಿ. ಸಾವಿರಾರು ಜನ ಅಡುಗೆ ಮಾಡಿಕೊಂಡಿರುವ ಊರಿನಲ್ಲಿ ಶೇ 34ರ ಮೇಲೆ ಹೋಗುವ ಧೈರ್ಯ ಬೇಡ.

9 ಸೆಂ.ಮೀ. ಎಂದರೂ ಸುತ್ತುಗೋಡೆಯೊಂದಕ್ಕೇ 3.6 ಲಕ್ಷ ಟನ್ ಉಕ್ಕು. ಈಗಿನ ಅಂತರರಾಷ್ಟ್ರೀಯ ನಿಲ್ದಾಣದ ತೂಕ ಸುಮಾರು 420 ಟನ್. ಇದರ ಮೇಲೆ ವಿಕಿರಣದ ಹೊದಿಕೆ. ಸ್ಟ್ಯಾನ್‌ಫರ್ಡ್ ಅಧ್ಯಯನ ಇಟ್ಟುಕೊಂಡದ್ದು ಚದರ ಮೀಟರಿಗೆ 4.5 ಟನ್, ಅರೆಬರೆ ಹಾಕಿದರೆ ಕಾಸ್ಮಿಕ್ ಕಿರಣಗಳು ಹೊದಿಕೆಯ ಪರಮಾಣುಗಳನ್ನೇ ಒಡೆದು ಮರಿಕಣಗಳ ಮಳೆ ಸುರಿಸುತ್ತವೆ, ತೆಳು ಹೊದಿಕೆಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗಬಹುದು. ನಮ್ಮ ಕೊಳವೆಗೆ, ಎರಡೂ ಮುಚ್ಚಳ ಸೇರಿಸಿ, 40 ಲಕ್ಷ ಟನ್ ಮಣ್ಣು ಬೇಕಾಗುತ್ತದೆ. ಅದನ್ನು ಗೋಡೆಗೇ ಅಂಟಿಸಿ ತಿರುಗಿಸಿದರೆ ಗೋಡೆಗೆ ಇನ್ನೂ 44 ಕಿಲೋಪಾಸ್ಕಲ್ ಹೊರೆ ಬಿದ್ದು ಉಕ್ಕು ಮತ್ತೆ ದಪ್ಪವಾಗಬೇಕು. ಆದ್ದರಿಂದ ಹೊದಿಕೆಯನ್ನು ತಿರುಗದ ಬೇರೆ ಚಿಪ್ಪಾಗಿ ಹೊರಗೆ ನಿಲ್ಲಿಸುವುದು ವಾಡಿಕೆಯ ವಿನ್ಯಾಸ. ಆಗ ಇನ್ನೊಂದು ಅಪಾಯ ತಲೆ ಎತ್ತುತ್ತದೆ. ಒಳಗಿನ ಗೋಡೆ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಸರಿಯುತ್ತಿರುತ್ತದೆ, ಕೆಲವೇ ಮೀಟರ್ ಅಂತರದಲ್ಲಿ ನಿಂತ ಚಿಪ್ಪು. ಒಳಗೆ ಇಡೀ ಊರಿನ 3000 ಜನ ಒಂದೇ ಬದಿಗೆ ಸೇರಿದರೆ ತಿರುಗುವ ಅಕ್ಷ ಸರಿಯುವುದು ಕೇವಲ 6 ಸೆಂ.ಮೀ.; ಅದು ಚಿಂತೆಯಲ್ಲ. ಕೆರೆಯೊಂದು ಒಡೆದು ಸಾವಿರಾರು ಟನ್ ನೀರು ಒಂದೇ ಕಡೆ ಹರಿದರೆ ಚಿಂತೆ. ಬಟ್ಟೆ ಒಗೆಯುವ ಯಂತ್ರದಲ್ಲಿ ಬಟ್ಟೆಯೆಲ್ಲ ಒಂದು ಬದಿಗೆ ಗುಂಪಾದಾಗ ಅದು ಕುಣಿಯುವುದನ್ನು ನೋಡಿದ್ದೀರಲ್ಲ. ಇದಕ್ಕೆ ಸುತ್ತಲೂ ತೊಟ್ಟಿಗಳನ್ನಿಟ್ಟು, ನೀರನ್ನು ಬೇಕಾದ ಬದಿಗೆ ಪಂಪ್ ಮಾಡುವ ವ್ಯವಸ್ಥೆ ಬೇಕು. ಕೆರೆಯನ್ನೂ ಒಂದೇ ಮಾಡದೆ ಕಟ್ಟೆಗಳಿಂದ ಭಾಗ ಮಾಡಿರಬೇಕು.

ಉಲ್ಕೆ ತಾಗಿ ತೂತಾದರೆ? ಈ ಭಯ ಎಲ್ಲರಿಗೂ ಇದೆ, ಇಲ್ಲಿ ದೊಡ್ಡತನವೇ ರಕ್ಷಣೆ. 10 ಸೆಂ.ಮೀ. ತೂತಿನಿಂದ ಸೆಕೆಂಡಿಗೆ ಒಂದೂವರೆ ಘನ ಮೀಟರಿನಷ್ಟು ಗಾಳಿ ಹೋಗುತ್ತದೆ. ಅಂತರರಾಷ್ಟ್ರೀಯ ನಿಲ್ದಾಣದ ಸುಮಾರು ಸಾವಿರ ಘನ ಮೀಟರಿನಲ್ಲಿ ಹತ್ತರಲ್ಲೊಂದು ಪಾಲು ಒಂದು ನಿಮಿಷದಲ್ಲೇ ಖಾಲಿ. ನಮ್ಮ ಕೊಳವೆಯ ಒಳಗಾತ್ರ 6.4 ಕೋಟಿ ಘನ ಮೀಟರ್. ಅಷ್ಟೇ ಪಾಲು ಹೋಗಲು ಒಂದೂವರೆ ತಿಂಗಳು ಹಿಡಿಯುತ್ತದೆ. ತೂತು ಹುಡುಕಿ ತಟ್ಟೆ ಬೆಸೆಯಲು ಧಾರಾಳ ಸಮಯ.

ಹಾಗಾದರೆ ಇಷ್ಟು ಸರಕು ಎಲ್ಲಿಂದ? ಮಂಗಳದ ವಾದ ಗಟ್ಟಿಯಾಗಿ ನಿಲ್ಲುವುದು ಇಲ್ಲಿ, ಅದನ್ನು ಒಪ್ಪಿಕೊಳ್ಳಬೇಕು. ಅಲ್ಲಿ ಮಣ್ಣು ಕಾಲಡಿಯಲ್ಲಿದೆ, ಮಂಜುಗಡ್ಡೆ ಇದೆ, ಗಾಳಿಯಲ್ಲಿ ಇಂಗಾಲ ಇದೆ, ಶೇ 2.6ರಷ್ಟು ಸಾರಜನಕವೂ ಇದೆ. ಪರ್ಸಿವಿರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಯಂತ್ರ 2021ರಿಂದ 2023ರವರೆಗೆ 16 ಸಲ ಓಡಿ ಆ ಗಾಳಿಯಿಂದ 122 ಗ್ರಾಂ ಆಮ್ಲಜನಕ ತೆಗೆದು ತೋರಿಸಿದೆ. ಶೂನ್ಯದಲ್ಲಿ ಪ್ರತಿ ಕಿಲೋವನ್ನೂ ಸಾಗಿಸಿ ತರಬೇಕು. ಭೂಮಿಯಿಂದ ತರುವ ಮಾತೇ ಬೇಡ. ಅದರ ಗುರುತ್ವದ ಬಾವಿ ಅಷ್ಟು ಆಳ. ಚಂದ್ರನಿಂದ ಬಿಡಿಸಿಕೊಳ್ಳಲು ಬೇಕಾದ ವೇಗ ಸೆಕೆಂಡಿಗೆ 2.4 ಕಿ.ಮೀ., ಭೂಮಿಯಿಂದ 11.2, ಶಕ್ತಿಯ ಲೆಕ್ಕದಲ್ಲಿ 22 ಪಟ್ಟು ಅಂತರ. ಚಂದ್ರನಲ್ಲಿ ಗಾಳಿ ಇಲ್ಲದ್ದರಿಂದ ರಾಕೆಟ್ಟೂ ಬೇಡ, ವಿದ್ಯುತ್ಕಾಂತೀಯ ಹಳಿಯ ಮೇಲೆ ಮಣ್ಣಿನ ಪೊಟ್ಟಣಗಳನ್ನು ಓಡಿಸಿ ಎಸೆಯಬಹುದು. ಭೂಗುರುತ್ವದ 100 ಪಟ್ಟು ವೇಗೋತ್ಕರ್ಷ ಕೊಟ್ಟರೆ ಹಳಿ 3 ಕಿ.ಮೀ. ಸಾಕು. 40 ಲಕ್ಷ ಟನ್ನನ್ನು ಹತ್ತು ವರ್ಷದಲ್ಲಿ ಎಸೆಯಬೇಕಾದರೆ ಎಡೆಬಿಡದೆ ಸೆಕೆಂಡಿಗೆ 13 ಕೆ.ಜಿ. ಹೋಗಬೇಕು, ಅರ್ಧ ಶಕ್ತಿ ಬಿಸಿಯಾಗಿ ಪೋಲಾದರೂ 75 ಮೆಗಾವ್ಯಾಟ್ ವಿದ್ಯುತ್ ಸಾಕು. ಕಾಗದದ ಮೇಲೆ ಇದು ಅಂಥ ದೊಡ್ಡ ಸಂಖ್ಯೆಯಲ್ಲ. ಕಷ್ಟ ಇರುವುದು ಎಸೆದದ್ದನ್ನು ಹಿಡಿಯುವುದರಲ್ಲಿ. ಹಳಿಯ ತುದಿಯಲ್ಲಿ ಕೂದಲೆಳೆಯಷ್ಟು ವೇಗ ತಪ್ಪಿದರೂ ಪೊಟ್ಟಣ ಹಿಡಿಯುವ ಬಲೆಯಿಂದ ಕಿಲೋಮೀಟರುಗಟ್ಟಲೆ ದೂರ ಹೋಗುತ್ತದೆ, ತಪ್ಪಿದ ಪೊಟ್ಟಣ ಗುಂಡಾಗಿ ಅಲೆಯುತ್ತದೆ.

ಚಂದ್ರನ ಮಣ್ಣಿನಲ್ಲಿ ಶೇ 40ಕ್ಕೂ ಹೆಚ್ಚು ಆಮ್ಲಜನಕ, ಜೊತೆಗೆ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ. ಇಲ್ಲದ್ದು ಇಂಗಾಲ ಮತ್ತು ಸಾರಜನಕ; ನೀರು ಧ್ರುವದ ಕತ್ತಲ ಕುಳಿಗಳಲ್ಲಿ ಮಾತ್ರ. ಸಾರಜನಕವನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಕೊಳವೆಯನ್ನು 56 ಕಿಲೋಪಾಸ್ಕಲ್‌ಗೆ ತುಂಬಲು ಅದೊಂದೇ 27,000 ಟನ್ ಬೇಕು. ಇಂಗಾಲಯುಕ್ತ ಕ್ಷುದ್ರಗ್ರಹಗಳಲ್ಲಿ ನೀರು, ಇಂಗಾಲ ಇವೆ, ಸ್ವಲ್ಪ ಸಾರಜನಕವೂ ಇದೆ. ಆದರೆ ಇಂದಿನ ನಮ್ಮ ಗಣಿಗಾರಿಕೆಯ ಅನುಭವ ಎಷ್ಟು? ಹಯಾಬುಸಾ 2 ನೌಕೆ 2020ರಲ್ಲಿ ರ್‍ಯುಗು ಎಂಬ ಕ್ಷುದ್ರಗ್ರಹದಿಂದ 5.4 ಗ್ರಾಂ ತಂದಿತು, ಒಸೈರಿಸ್ ರೆಕ್ಸ್ 2023ರಲ್ಲಿ ಬೆನ್ನು ಎಂಬ ಕ್ಷುದ್ರಗ್ರಹದಿಂದ 121.6 ಗ್ರಾಂ. ಗ್ರಾಂನಿಂದ ಲಕ್ಷ ಟನ್ನಿಗೆ ದಾರಿ ದೂರ ಇದೆ.

ಈ ಮಣ್ಣಿನ ಹೊರೆಯಿಂದ ತಪ್ಪಿಸಿಕೊಳ್ಳುವ ಒಂದು ಜಾಣ ದಾರಿಯನ್ನೂ ಗ್ಲೋಬಸ್ ತಂಡವೇ ತೋರಿಸಿದೆ: ಸಮಭಾಜಕದ ನೇರಕ್ಕೆ, 500 ಕಿ.ಮೀ. ಎತ್ತರದಲ್ಲಿ ಕಟ್ಟುವುದು. ಅಲ್ಲಿ ಭೂಮಿಯ ಕಾಂತಕ್ಷೇತ್ರವೇ ಬಹುಪಾಲು ಕಿರಣಗಳನ್ನು ತಿರುಗಿಸಿ ಕಳಿಸುತ್ತದೆ, ಆಕಾಶದ ಸುಮಾರು ಮೂರರಲ್ಲಿ ಒಂದು ಪಾಲನ್ನು ಭೂಮಿಯೇ ಮರೆಮಾಡುತ್ತದೆ. ಪ್ರತ್ಯೇಕ ಹೊದಿಕೆ ಬಹುಮಟ್ಟಿಗೆ ಬೇಕಾಗುವುದಿಲ್ಲ. ಭೂಮಿಯಿಂದ ಕೆಲವೇ ಗಂಟೆಯ ದಾರಿ, ರೋಗಿಯನ್ನು ಇಳಿಸಬಹುದು, ಬಿಡಿಭಾಗ ತರಿಸಬಹುದು. ತೊಡಕುಗಳೂ ಇವೆ. ಅಲ್ಲಿನ ವಿರಳ ಗಾಳಿ ಎಳೆಯುವುದರಿಂದ ಆಗಾಗ ಕಕ್ಷೆ ಏರಿಸುತ್ತಿರಬೇಕು, ಹಳೆಯ ಉಪಗ್ರಹಗಳ ಚೂರು ಹೆಚ್ಚು, ಪ್ರತಿ ಸುತ್ತಿಗೂ ಅರ್ಧ ಗಂಟೆಗಿಂತ ತುಸು ಹೆಚ್ಚು ಕತ್ತಲು. ಮೇಲಾಗಿ, ಏರಿಸುವ ಕೆಲಸ ನಿಂತರೆ ಲಕ್ಷಗಟ್ಟಲೆ ಟನ್ ಉಕ್ಕು ಸಮಭಾಜಕದ ದೇಶಗಳ ಮೇಲೆ ಬೀಳುತ್ತದೆ. ಇಷ್ಟಿದ್ದರೂ ಮೊದಲ ಊರಿಗೆ ಇದಕ್ಕಿಂತ ವಾಸಿಯಾದ ಜಾಗ ನನಗೆ ಕಾಣುವುದಿಲ್ಲ, ಗಾತ್ರ ಮಾತ್ರ ಇನ್ನೂ ಚಿಕ್ಕದಿರಬೇಕು.

ಇಲ್ಲಿಯವರೆಗೆ ಹೇಳಿದ ಉಕ್ಕು ಮಣ್ಣಿನ ಲೆಕ್ಕಗಳೆಲ್ಲ ಸುಲಭದ ಭಾಗ. ನಿಜವಾಗಿ ಕೈ ಕಟ್ಟಿಹಾಕುವುದು ಜೀವವ್ಯವಸ್ಥೆ, ಅದು ಎರಡು ಕಡೆಗೂ ಸಮಾನ. ಅರಿಜೋನಾದಲ್ಲಿ 1991ರಿಂದ ಎರಡು ವರ್ಷ ಎಂಟು ಜನ ಬಯೋಸ್ಫಿಯರ್ 2 ಎಂಬ 1.27 ಹೆಕ್ಟೇರಿನ ಮುಚ್ಚಿದ ಗಾಜಿನ ಮನೆಯಲ್ಲಿ ಬದುಕಿದರು. ಒಂದೂಕಾಲು ವರ್ಷ ಕಳೆಯುವಷ್ಟರಲ್ಲಿ ಆಮ್ಲಜನಕ ಶೇ 20.9ರಿಂದ 14ರ ಹತ್ತಿರಕ್ಕೆ ಇಳಿದು, ಹೊರಗಿನಿಂದ ತುಂಬಬೇಕಾಯಿತು. ಫಲವತ್ತಾಗಿರಲಿ ಎಂದು ಹಾಕಿದ ಸಾವಯವ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟವು. ಅದನ್ನು ಗಿಡಗಳು ಮರಳಿಸುವ ಮೊದಲೇ ಹಸಿ ಕಾಂಕ್ರೀಟು ಹೀರಿ ಸುಣ್ಣದ ಕಲ್ಲಾಗಿಸಿಕೊಂಡಿತು. ಗಾಳಿಯ ಲೆಕ್ಕದಿಂದ ಆಮ್ಲಜನಕ ಗೋಡೆಯೊಳಗೆ ಮಾಯವಾಯಿತು ಎನ್ನಬಹುದು. ಯಾವ ಗೋಡೆ, ಯಾವ ಬಣ್ಣ, ಯಾವ ಮಣ್ಣು ಏನನ್ನು ಹೀರುತ್ತದೆ ಎಂಬ ಪಟ್ಟಿ ಇಲ್ಲದೆ ಮುಚ್ಚಿದ ಊರು ಕಟ್ಟಬಾರದು.

ನೀರಿನಲ್ಲೂ ಹಾಗೆಯೇ. ಅಂತರರಾಷ್ಟ್ರೀಯ ನಿಲ್ದಾಣದಲ್ಲಿ 2023ರ ಹೊತ್ತಿಗೆ ಶೇ 98 ನೀರು ಮರಳಿ ಸಿಗುವ ಮಟ್ಟಕ್ಕೆ ಬಂದಿದೆ, ಅದು ದೊಡ್ಡ ಸಾಧನೆ. ಆದರೆ 3000 ಜನ ದಿನಕ್ಕೆ ತಲಾ 25 ಲೀಟರ್ ಬಳಸಿದರೆ ಉಳಿದ ಶೇ 2ರ ಸೋರಿಕೆ ವರ್ಷಕ್ಕೆ 547 ಟನ್. ಮಂಗಳದಲ್ಲಿ ಅದನ್ನು ಅಗೆದು ತುಂಬಬಹುದು, ಶೂನ್ಯದಲ್ಲಿ ತರಿಸಬೇಕು. ಬದಲಿಗೆ ಶೂನ್ಯದಲ್ಲಿ ಬಿಸಿಲು ಧಾರಾಳ: ಭೂಮಿಯ ನೆರಳು ಬೀಳದ ಎತ್ತರದಲ್ಲಿ ದಿನದ 24 ಗಂಟೆ ಚದರ ಮೀಟರಿಗೆ 1361 ವ್ಯಾಟ್. ಅಲ್ಲಿ ತಲೆನೋವು ಬಿಸಿ ಹೊರಹಾಕುವುದು. ಒಬ್ಬರ ಆಹಾರಕ್ಕೆ 50 ಚದರ ಮೀಟರ್ ಬೆಳೆಯನ್ನು ವಿದ್ಯುದ್ದೀಪದಲ್ಲಿ ಚದರ ಮೀಟರಿಗೆ 300 ವ್ಯಾಟಿನಂತೆ ಬೆಳೆದರೆ 3000 ಜನರಿಗೆ 45 ಮೆಗಾವ್ಯಾಟ್. ಅಷ್ಟೂ ಕೊನೆಗೆ ಬಿಸಿಯೇ. ಕೋಣೆಯ ಉಷ್ಣತೆಯಲ್ಲಿ ಚದರ ಮೀಟರ್ ಫಲಕ ಸುಮಾರು 400 ವ್ಯಾಟ್ ಹೊರಸೂಸುತ್ತದೆ, ಅಂದರೆ 11 ಹೆಕ್ಟೇರ್ ಶಾಖವಿಕಿರಕ. ಅದರಲ್ಲಿ ಹರಿಯುವ ದ್ರವ ಸೋರಿದರೆ ಊರು ಕೆಲವೇ ದಿನದಲ್ಲಿ ಬೇಯತೊಡಗುತ್ತದೆ. ಹಾಗಾಗಿ ಒಂದೇ ಕೊಳವೆಜಾಲವಲ್ಲ, ಬೇರೆ ಬೇರೆ ಮುಚ್ಚಬಹುದಾದ ಹತ್ತಾರು ಬೇಕು.

ಜಾಗದ ಮಾತು ಒಂದೇ ಸಾಲಿನಲ್ಲಿ: ಮಂಗಳದ ಇಡೀ ಮೇಲ್ಮೈ ಭೂಮಿಯ ಒಣನೆಲಕ್ಕೆ ಹೆಚ್ಚುಕಡಿಮೆ ಸಮ, ಆದರೆ ಸೀರಿಸ್ ಎಂಬ ಒಂದೇ ಕುಬ್ಜಗ್ರಹವನ್ನು ಚದರ ಮೀಟರಿಗೆ 10 ಟನ್‌ನಂತೆ ವಸಾಹತುಗಳಾಗಿ ಹರಡಿದರೆ ಅದರ 600 ಪಟ್ಟು ನೆಲ ಸಿಗುತ್ತದೆ. ಗ್ರಹದಲ್ಲಿ ಬಳಕೆಗೆ ಬರುವುದು ಮೇಲ್ಪದರ ಮಾತ್ರ, ಒಳಗಿನದೆಲ್ಲ ತೂಕ ಕೊಡಲು ಮಾತ್ರ ಇದೆ.

ಹಾಗಾದರೆ ಈಗ ಮಾಡಬೇಕಾದ್ದೇನು? ಮಂಗಳಕ್ಕೂ ಬೇಡ, ದೊಡ್ಡ ಕೊಳವೆಯೂ ಬೇಡ. ತಲಾ 20 ಟನ್ನಿನ ಎರಡು ಕೋಣೆಗಳನ್ನು 200 ಮೀಟರ್ ಹಗ್ಗದಿಂದ ಕಟ್ಟಿ ಕೆಳಕಕ್ಷೆಯಲ್ಲಿ ತಿರುಗಿಸಿ. ನಿಮಿಷಕ್ಕೆ 3 ಸುತ್ತಾದರೆ ಭೂಮಿಯ ತೂಕ, 1.85 ಆದರೆ ಮಂಗಳದ್ದು, 1.2 ಆದರೆ ಚಂದ್ರನದು. ಒಂದೇ ಯಂತ್ರದಲ್ಲಿ ಮೂರೂ ಲೋಕ. ಪೂರ್ತಿ ವೇಗಕ್ಕೆ ಏರಿಸಲು ಪ್ರತಿ ಕೋಣೆಗೆ ಸೆಕೆಂಡಿಗೆ 31 ಮೀಟರ್ ವೇಗ ಕೊಡಬೇಕು. ಸಾಮಾನ್ಯ ರಾಸಾಯನಿಕ ಇಂಧನ 210 ಕೆ.ಜಿ. ಸಾಕು. 1966ರಲ್ಲಿ ಜೆಮಿನಿ 11ರ ಗಗನಯಾತ್ರಿಗಳು 30 ಮೀಟರ್ ಹಗ್ಗದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಸಿಕ್ಕ ತೂಕ ನಗಣ್ಯ, ಸಿಕ್ಕ ಪಾಠ ದೊಡ್ಡದು: ಆರಂಭದಲ್ಲಿ ಹಗ್ಗ ಸಡಿಲವಾಗಿದ್ದರೆ ಮಕ್ಕಳು ಹಾರುವ ಹಗ್ಗದಂತೆ ಬಿಲ್ಲಾಗಿ ಕುಣಿಯುತ್ತದೆ. ಹಗ್ಗವನ್ನು ಮೊದಲು ಬಿಗಿ ಮಾಡಿ, ಆಮೇಲೆ ನಿಧಾನವಾಗಿ ಸುತ್ತು ಏರಿಸಬೇಕು. ಚೂರು ತಾಗಿ ತುಂಡಾಗದಂತೆ ಒಂದೇ ಎಳೆಯ ಬದಲು ದೂರ ದೂರ ಹೆಣೆದ ನಾಲ್ಕಾರು ಎಳೆಯ ಬಲೆ ಬೇಕು. ಸೌರಫಲಕ, ಆಂಟೆನಾಗಳನ್ನು ಹಗ್ಗದ ನಡುಮಧ್ಯದಲ್ಲಿ ಎದುರು ತಿರುಗುವ ಕೇಂದ್ರಭಾಗದ ಮೇಲೆ ಇಡಬೇಕು, ನೌಕೆ ಬಂದು ಸೇರುವುದೂ ಅಲ್ಲೇ. ಸುತ್ತು ನಿಲ್ಲಿಸಿ ಜೋಡಿಸುತ್ತೇವೆ ಎಂದರೆ ಪ್ರತಿ ಸಲವೂ ಪ್ರಯೋಗ ಕೆಟ್ಟುಹೋಗುತ್ತದೆ.

ಅದರೊಳಗೆ ಮೊದಲು ಮನುಷ್ಯರು ಬೇಕಿಲ್ಲ. ಇಲಿಯ ಗರ್ಭ ಮೂರು ವಾರದ್ದು, ಮರಿ ಎರಡು ತಿಂಗಳೊಳಗೆ ಪ್ರಾಯಕ್ಕೆ ಬರುತ್ತದೆ. ಮಂಗಳದ ತೂಕದಲ್ಲಿ ಒಂದು ವರ್ಷ ತಿರುಗಿಸಿದರೆ ಮೂರು ತಲೆಮಾರು ಕಣ್ಣೆದುರು ಬರುತ್ತದೆ. ಅವುಗಳ ಮೂಳೆ, ಕಣ್ಣು, ಹೃದಯವನ್ನು ಭೂಮಿಯ ತೂಕದಲ್ಲಿ ತಿರುಗಿಸಿದ ಇಲಿಗಳ ಜೊತೆ ಹೋಲಿಸಬೇಕು. ನೆಲದ ಮೇಲಿನ ಇಲಿಗಳ ಜೊತೆ ಹೋಲಿಸಿದರೆ ಸಾಲದು, ಉಡಾವಣೆಯ ಅದುರಾಟ ಮತ್ತು ವಿಕಿರಣದ ಪರಿಣಾಮ ಲೆಕ್ಕದಲ್ಲಿ ಬೆರೆತುಬಿಡುತ್ತದೆ. ಮೂರನೆಯ ತಲೆಮಾರು ಆರೋಗ್ಯವಾಗಿ ಈದು, ಮರಿಗಳು ಸರಿಯಾಗಿ ಬೆಳೆದರೆ ಮಂಗಳದ ವಿರುದ್ಧ ನಾನು ಮೇಲೆ ಇಟ್ಟ ಮುಖ್ಯ ವಾದವೇ ಬಿದ್ದುಹೋಗುತ್ತದೆ. ಆಗ ಕೈಗೆಟುಕುವ ಇಂಗಾಲ, ಸಾರಜನಕ, ನೀರು ಇರುವ ಆ ನೆಲ ಲೆಕ್ಕದಲ್ಲಿ ಮೇಲಾಗುತ್ತದೆ, ನಾನೂ ಉತ್ತರ ಬದಲಿಸುತ್ತೇನೆ.